ಏಳು ನಿಮಿಷಕ್ಕೆ ಯಾವ ಕೃತಿ? ಒಂದು ಕ್ಲಾರಿನೆಟ್ ಸ್ಪರ್ಧೆಯ ಪ್ರಕರಣ ಅಧ್ಯಯನ

ಪ್ರಕರಣ ಇಷ್ಟು. ವಿದ್ಯಾರ್ಥಿಗಳ ಏಕವಾದನ ಸ್ಪರ್ಧೆ. ಕಾಲಮಿತಿ 7 ನಿಮಿಷ. 16 ವರ್ಷದ ಒಬ್ಬ ಕ್ಲಾರಿನೆಟ್ ವಿದ್ಯಾರ್ಥಿನಿ. ಅವಳು ಆರಿಸಿಕೊಂಡ ಕೃತಿಯನ್ನು ಪೂರ್ತಿ ನುಡಿಸಿದರೆ 9 ನಿಮಿಷ ದಾಟುತ್ತದೆ. ಅದನ್ನು ಏಳಕ್ಕೆ ಇಳಿಸಲು ಮಾಡಬಹುದಾದ ಎಲ್ಲವನ್ನೂ ಮಾಡಿ ನೋಡಿದರು. ಸ್ಪರ್ಧೆಗೆ ಇನ್ನು ಏಳು ವಾರ ಇದೆ ಅನ್ನುವಾಗ ಕೃತಿಯನ್ನೇ ಬದಲಿಸಿದರು.

ನಾನು ಅವಳಿಗೆ ಪಿಯಾನೊ ನುಡಿಸಿದವಳು. ಅದೇ ದಿನ ಅದೇ ವಿಭಾಗದಲ್ಲಿ ಬೇರೆ ಕೆಲವರಿಗೂ ನುಡಿಸಿದೆ. ಹಾಗಾಗಿ ಇದು ಪಕ್ಕವಾದ್ಯದ ಸ್ಟೂಲಿನ ಮೇಲೆ ಕೂತು ನೋಡಿದ ನೋಟ. ಹುಡುಗಿಯೂ ಅವಳ ಟೀಚರೂ ಬರೆಯಲು ಒಪ್ಪಿದ್ದಾರೆ, ಹೆಸರು ಬೇಡ ಅಂದಿದ್ದಾರೆ.

ನಿಯಮದಲ್ಲಿ ಇದ್ದದ್ದು

ಬಹಳ ಜನ ನಿಯಮವನ್ನು ಕೊನೆಗೆ ಓದುತ್ತಾರೆ. ಅದಕ್ಕೇ ಮೊದಲು ಹೇಳಿಬಿಡುತ್ತೇನೆ.

ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ 7 ನಿಮಿಷ. ಮೊದಲ ಸ್ವರ ಪಿಯಾನೊದ್ದಾದರೂ ಗಡಿಯಾರ ಅಲ್ಲಿಂದಲೇ ಶುರು. ಒಂದಕ್ಕಿಂತ ಹೆಚ್ಚು ಭಾಗ ನುಡಿಸಬಹುದು, ನಡುವಿನ ವಿರಾಮವೂ ಲೆಕ್ಕಕ್ಕೆ ಸೇರುತ್ತದೆ. ವೇದಿಕೆಗೆ ಬರುವುದು, ಶ್ರುತಿ ನೋಡಿಕೊಳ್ಳುವುದು ಇದರಿಂದ ಹೊರಗೆ. 7 ನಿಮಿಷಕ್ಕೆ ಗಂಟೆ ಹೊಡೆಯುತ್ತಾರೆ, ನಿಲ್ಲಿಸಬೇಕು. ಮೀರಿದ್ದಕ್ಕೆ ಅಂಕ ಕಳೆಯುವುದಿಲ್ಲ. ಆದರೆ ಕೇಳಿಸದೇ ಹೋದ ಭಾಗಕ್ಕೆ ಅಂಕವೂ ಇಲ್ಲ. ತೀರ್ಪುಗಾರರಿಗೆ ಬಾರ್ (ತಾಳದ ಒಂದು ಸುತ್ತಿನ ಮನೆ) ಸಂಖ್ಯೆ ಬರೆದ ಮೂಲ ಸ್ವರಲಿಪಿ ಕೊಡಬೇಕು, ಜೆರಾಕ್ಸ್ ನಡೆಯುವುದಿಲ್ಲ. ಪಿಯಾನೊ ಒಂಟಿಯಾಗಿ ನುಡಿಸುವ ಉದ್ದನೆಯ ಜಾಗಗಳನ್ನು ಮೊಟಕು ಮಾಡಬಹುದು. ಏಕವಾದಕರ ಭಾಗದಲ್ಲೇ ಕತ್ತರಿ ಹಾಕಬಹುದೇ? ಅದರ ಬಗ್ಗೆ ನಿಯಮ ಏನೂ ಹೇಳಿರಲಿಲ್ಲ.

ಈ ಲೆಕ್ಕ ಎಲ್ಲ ಸ್ಪರ್ಧೆಯಲ್ಲೂ ಒಂದೇ ಇರುವುದಿಲ್ಲ. ಕೆಲವು ಕಡೆ ವೇದಿಕೆಗೆ ಕಾಲಿಟ್ಟ ಕೂಡಲೇ ಗಡಿಯಾರ ಓಡುತ್ತದೆ. ಸ್ಟ್ಯಾಂಡಿನ ಎತ್ತರ ಸರಿಮಾಡುವುದೂ ಅದರಲ್ಲೇ ಹೋಗುತ್ತದೆ. ಕೆಲವು ಕಡೆ ಮಿತಿ ಮೀರಿದರೆ ಅಂಕ ಕಡಿತ. ಇನ್ನು ಕೆಲವು ಕಡೆ ಸ್ಥಾನಕ್ಕೇ ಪರಿಗಣಿಸದೆ ಅಭಿಪ್ರಾಯವನ್ನಷ್ಟೇ ಬರೆದು ಕೊಡುತ್ತಾರೆ. "ಏಳು ನಿಮಿಷ" ಅಂತ ಕೇಳಿದ ತಕ್ಷಣ "ಯಾವ ಏಳು ನಿಮಿಷ?" ಅಂತ ಕೇಳುವುದು ಒಳ್ಳೆಯದು.

ಗಂಟೆ ಹೊಡೆಯುವವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. 7 ನಿಮಿಷ ನುಡಿಸುವುದಕ್ಕೆ, 3 ನಿಮಿಷ ಬಂದು ಹೋಗುವುದಕ್ಕೆ ಮತ್ತು ತೀರ್ಪುಗಾರರು ಬರೆಯುವುದಕ್ಕೆ. ಗಂಟೆಗೆ 6 ಜನ. 30 ಜನರಿದ್ದರೆ 5 ಗಂಟೆ. ಒಬ್ಬೊಬ್ಬರೂ ಒಂದೊಂದು ನಿಮಿಷ ಎಳೆದರೆ ಕೊನೆಯ ಮಗು ಅರ್ಧ ಗಂಟೆ ತಡವಾಗಿ, ತಣ್ಣಗಾದ ವಾದ್ಯ ಹಿಡಿದುಕೊಂಡು ವೇದಿಕೆ ಹತ್ತುತ್ತದೆ.

ವೇಬರ್ ಯಾಕೆ ಬಂತು

ಮೊದಲು ಆರಿಸಿದ್ದು ಜರ್ಮನ್ ಸಂಗೀತಕಾರ ವೇಬರ್‌ನ ಕ್ಲಾರಿನೆಟ್ ಕನ್ಸರ್ಟಿನೊ, ಅಂದರೆ ಪುಟ್ಟ ಕನ್ಸರ್ಟೊ, ಓಪಸ್ (ಕೃತಿ ಸಂಖ್ಯೆ) 26. ಆರಿಸಿದ್ದಕ್ಕೆ ಕಾರಣ ಸರಳ. ಹಿಂದಿನ ವರ್ಷ ಗೆದ್ದವರು ಅದನ್ನೇ ನುಡಿಸಿದ್ದರು. ಹುಡುಗಿಯ ಅಪ್ಪನಿಗೆ ಅದು ಚೆನ್ನಾಗಿ ನೆನಪಿತ್ತು. ಹುಡುಗಿಗೂ ಇಷ್ಟವಾಯಿತು. ಇಷ್ಟವಾಗದೇ ಇರುವಂಥ ಕೃತಿಯಲ್ಲ ಅದು.

1811ರಲ್ಲಿ ಹೈನ್ರಿಕ್ ಬೇರ್ಮನ್ ಎಂಬ ಕ್ಲಾರಿನೆಟ್ ವಾದಕನಿಗಾಗಿ ವೇಬರ್ ಬರೆದದ್ದು. ಮ್ಯೂನಿಕ್‌ನಲ್ಲಿ ಅದು ಎಷ್ಟು ಹಿಡಿಸಿತು ಅಂದರೆ ಬವೇರಿಯಾದ ರಾಜ ಇನ್ನೂ ಎರಡು ಕ್ಲಾರಿನೆಟ್ ಕನ್ಸರ್ಟೊ (ವಾದ್ಯವೃಂದದ ಜೊತೆ ಒಬ್ಬರೇ ಮುಂದೆ ನಿಂತು ನುಡಿಸುವ ದೊಡ್ಡ ಕೃತಿ) ಬರೆದುಕೊಡಲು ಹೇಳಿದ. ಶುರುವಿನಲ್ಲಿ ಸಿ ಮೈನರ್ ಎಂಬ ಸ್ವರಶ್ರೇಣಿಯಲ್ಲಿ ನಿಧಾನದ ಪೀಠಿಕೆ. ಆಮೇಲೆ ಇ ಫ್ಲಾಟ್ ಮೇಜರ್‌ನಲ್ಲಿ ಒಂದು ಸರಳವಾದ ಮುಖ್ಯ ರಾಗ, ಅದರ ಮೇಲೆ ವೇರಿಯೇಷನ್‌ಗಳು, ಅಂದರೆ ಅದೇ ರಾಗವನ್ನು ಬೇರೆ ಬೇರೆ ಬಗೆಯಲ್ಲಿ ಬದಲಿಸಿ ನುಡಿಸುವ ತುಣುಕುಗಳು. ನಡುವೆ ಕೆಳಗಿನ ಸ್ವರಗಳಲ್ಲಿ ಸುಳಿಯುವ ಒಂದು ನಿಧಾನದ ತುಣುಕು. ಕೊನೆಗೆ 6/8 ಲಯದಲ್ಲಿ ಓಡುವ ಅಲೆಗ್ರೊ, ಅಂದರೆ ವೇಗದ ಭಾಗ. ವಾದಕ ತನ್ನ ಕೈಯಲ್ಲಿರುವುದನ್ನೆಲ್ಲ ಸುರಿಯುವುದು ಈ ಅಲೆಗ್ರೊದಲ್ಲೇ.

ತೊಂದರೆಯೂ ಅಲ್ಲೇ ಇದೆ. ಇದು ಕಛೇರಿಗಾಗಿ, ವಾದ್ಯವೃಂದದ ಜೊತೆಗೆ ನುಡಿಸಲು ಬರೆದ ಕೃತಿ. ಬೇರ್ಮನ್‌ಗೆ ಯಾರೂ ಗಂಟೆ ಹೊಡೆಯುತ್ತಿರಲಿಲ್ಲ. ಮೊದಲ ಎರಡು ನಿಮಿಷ ಆರಾಮಾಗಿ ಕಳೆದು, ಒಳ್ಳೆಯ ಸರಕನ್ನು ಕೊನೆಗೆ ಇಡುವ ಸ್ವಾತಂತ್ರ್ಯ ವೇಬರ್‌ಗೆ ಇತ್ತು. 7 ನಿಮಿಷದ ಗಂಟೆ ಹೊಡೆಯುವುದು ಸರಿಯಾಗಿ ಆ ಸರಕು ಹೊರಬರುವ ಹೊತ್ತಿಗೆ.

ಮನೆಯ ಲೆಕ್ಕ, ಪಿಯಾನೊ ಲೆಕ್ಕ

"ಮೇಡಂ, ಏಳು ನಿಮಿಷ ಇಪ್ಪತ್ತು ಸೆಕೆಂಡ್ ಆಗ್ತಿದೆ. ಸ್ವಲ್ಪ ಸ್ಪೀಡ್ ಮಾಡಿದ್ರೆ ಸರಿಹೋಗುತ್ತೆ ಅಲ್ವಾ?" ಹುಡುಗಿ ಟೀಚರ್‌ಗೆ ಹೀಗೆ ಹೇಳಿದ್ದಳು. ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ಮನೆಯಲ್ಲಿ ಅಳೆದದ್ದು.

ಪಿಯಾನೊ ಜೊತೆ ಮೊದಲ ಸಲ ಪೂರ್ತಿ ನುಡಿಸಿದಾಗ 9 ನಿಮಿಷ 25 ಸೆಕೆಂಡ್ ಆಯಿತು. ಎರಡು ನಿಮಿಷ ಐದು ಸೆಕೆಂಡ್ ವ್ಯತ್ಯಾಸ. ಅದು ಎಲ್ಲಿಂದ ಬಂತು ಅಂತ ರೆಕಾರ್ಡಿಂಗ್ ಹಾಕಿಕೊಂಡು ಲೆಕ್ಕ ಹಾಕಿದೆವು. ಪಿಯಾನೊ ಒಂಟಿಯಾಗಿ ನುಡಿಸುವ ಜಾಗಗಳಿಗೆ ಸುಮಾರು 1 ನಿಮಿಷ 15 ಸೆಕೆಂಡ್. ಮನೆಯಲ್ಲಿ ಅವಳು ಅವುಗಳನ್ನು ಹಾರಿಸಿಬಿಟ್ಟಿದ್ದಳು. ಉಸಿರು ತೆಗೆದುಕೊಳ್ಳುವುದು, ಉದ್ದ ಹಿಡಿಯುವ ಸ್ವರಗಳು, ಒಂದು ವೇರಿಯೇಷನ್ ಮುಗಿದು ಇನ್ನೊಂದಕ್ಕೆ ಹೋಗುವಾಗ ಒಬ್ಬರ ಮುಖ ಒಬ್ಬರು ನೋಡುವ ಹೊತ್ತು, ಇವೆಲ್ಲ ಸೇರಿ 20 ಸೆಕೆಂಡ್. ಉಳಿದ ಅರ್ಧ ನಿಮಿಷ ಗತಿಯದ್ದು. ಒಬ್ಬಳೇ ನುಡಿಸುವಾಗ ಕಷ್ಟದ ಜಾಗಗಳಲ್ಲಿ ಲಯ ಸ್ವಲ್ಪ ನುಂಗಿದರೂ ಗೊತ್ತಾಗುವುದಿಲ್ಲ. ಪಿಯಾನೊ ಪಕ್ಕಕ್ಕೆ ಬಂದರೆ ಪ್ರತಿ ಬಾರೂ ತನ್ನ ಪೂರ್ತಿ ಹೊತ್ತು ಕೇಳುತ್ತದೆ.

ಈ ಮನೆಯ ಲೆಕ್ಕವನ್ನು ನಾನು ಬೇರೆ ವಿದ್ಯಾರ್ಥಿಗಳಲ್ಲೂ ನೋಡಿದ್ದೇನೆ. ಧ್ವನಿಮುದ್ರಿಕೆ ನೋಡಿ ಕಾಲ ತಿಳಿಯುವುದೂ ಹೀಗೇ ಕೈ ಕೊಡುತ್ತದೆ. ಮುದ್ರಿಕೆಯಲ್ಲಿರುವುದು ದೊಡ್ಡ ವಾದಕರ ಗತಿ. ಅದಕ್ಕಿಂತ ಸರಳ ದಾರಿ ಕಾಗದದ ಮೇಲಿನ ಲೆಕ್ಕ. ಬಾರ್‌ಗಳನ್ನು ಎಣಿಸಿ, ಬಾರ್‌ಗೆ ಎಷ್ಟು ಬೀಟ್ ಅಂತ ಗುಣಿಸಿ, ಮೆಟ್ರೊನೋಮ್ ಸಂಖ್ಯೆಯಿಂದ (ನಿಮಿಷಕ್ಕೆ ಎಷ್ಟು ಬೀಟ್) ಭಾಗಿಸಿದರೆ ಆಯಿತು. 4/4ರಲ್ಲಿ, ಅಂದರೆ ಬಾರ್‌ಗೆ ನಾಲ್ಕು ಬೀಟ್, 160 ಬಾರ್ ಇದೆ ಅನ್ನಿ. 120ರ ಗತಿಯಲ್ಲಿ 5 ನಿಮಿಷ 20 ಸೆಕೆಂಡ್. ಹುಡುಗರು ಅದನ್ನು 108ರಲ್ಲಿ ಮಾತ್ರ ಚೊಕ್ಕವಾಗಿ ನುಡಿಸಬಲ್ಲರು ಅಂದರೆ ಹತ್ತಿರ ಹತ್ತಿರ 5 ನಿಮಿಷ 56 ಸೆಕೆಂಡ್. ಅರ್ಧ ನಿಮಿಷಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಕೃತಿ ಆರಿಸುವ ದಿನವೇ ಈ ಲೆಕ್ಕ ಮಾಡಬಹುದು, ವಾದ್ಯ ಪೆಟ್ಟಿಗೆಯಿಂದ ತೆಗೆಯಬೇಕಾಗಿಯೂ ಇಲ್ಲ.

ಕತ್ತರಿ ಹಾಕಿದ್ದು

ಮೊದಲು ಪಿಯಾನೊ ಮಧ್ಯಂತರಗಳಿಗೆ ಕತ್ತರಿ ಬಿತ್ತು. ಇದಕ್ಕೆ ನಿಯಮದ ಒಪ್ಪಿಗೆ ಇತ್ತು. ವಾದ್ಯವೃಂದ ಆರ್ಭಟಿಸುವ ಜಾಗವನ್ನು ಪಿಯಾನೊದಲ್ಲಿ ಇಡಿಯಾಗಿ ನುಡಿಸಿದರೆ ಕೇಳುವವರಿಗೂ ಅಷ್ಟೇನೂ ಸುಖವಿಲ್ಲ, ನುಡಿಸುವ ನನಗಂತೂ ಇಲ್ಲವೇ ಇಲ್ಲ. ಒಂದೂಕಾಲು ನಿಮಿಷವನ್ನು 20 ಸೆಕೆಂಡಿಗೆ ಇಳಿಸಿದೆವು. ಒಟ್ಟು 8 ನಿಮಿಷ 30 ಸೆಕೆಂಡ್ ಆಯಿತು.

ಆಗ ಯಾರೂ ಎಣಿಸದ ಒಂದು ಸಂಗತಿ ಕಾಣಿಸಿಕೊಂಡಿತು. ಅಲೆಗ್ರೊಗೆ ಬರುವಷ್ಟರಲ್ಲಿ ಹುಡುಗಿಯ ತುಟಿ ಸೋಲುತ್ತಿತ್ತು. ಬಾಯಿಯ ಬದಿಯಿಂದ ಗಾಳಿ ಸೋರುವ ಸದ್ದು ಕೇಳುತ್ತಿತ್ತು. ಮೊದಲು ಹೀಗೆ ಆಗುತ್ತಿರಲಿಲ್ಲ. ಯಾಕೆ ಅಂದರೆ ಆ ಮಧ್ಯಂತರಗಳು ಊದುವವರು ಉಸಿರಾಡುವ ಜಾಗವೂ ಹೌದು. ವಾದ್ಯವನ್ನು ಬಾಯಿಂದ ಇಳಿಸಿ, ತುಟಿ ಸಡಿಲಿಸಿ, ರಂಧ್ರ ಮುಚ್ಚುವ ಒಂದು ಕೀಲಿಯಲ್ಲಿ ಉಸಿರಿನ ನೀರು ನಿಂತಿದ್ದರೆ ಊದಿ ತೆಗೆಯುವ ಹೊತ್ತು. ಅದನ್ನು ತೆಗೆದಾಗ ಒಂದು ನಿಮಿಷ ಉಳಿಯಿತು, ಜೊತೆಗೇ ವಿಶ್ರಾಂತಿಯೂ ಹೋಯಿತು. ಪಿಟೀಲಿಗೆ ಈ ಕತ್ತರಿ ಅಷ್ಟು ತಟ್ಟದಿರಬಹುದು. ಕ್ಲಾರಿನೆಟ್, ಟ್ರಂಪೆಟ್‌ನಂಥ ಊದುವ ವಾದ್ಯಗಳಿಗೆ ಚೆನ್ನಾಗಿಯೇ ತಟ್ಟುತ್ತದೆ.

ಆಮೇಲೆ ಗತಿ. ಎಲ್ಲವನ್ನೂ ಶೇಕಡ 10ರಷ್ಟು ವೇಗ ಮಾಡಿದರೆ 8:30 ಇದ್ದದ್ದು 7:44ಕ್ಕೆ ಇಳಿಯುತ್ತದೆ. ಆಗಲೂ ಏಳಕ್ಕೆ ಬರಲಿಲ್ಲ. ಅಷ್ಟು ವೇಗ ಮಾಡಿದಾಗ ನಾಲಿಗೆಯ ಏಟೂ (ಸ್ವರಗಳನ್ನು ಬಿಡಿಬಿಡಿಯಾಗಿ ಶುರು ಮಾಡುವುದು ಅದೇ) ಬೆರಳೂ ಒಟ್ಟಿಗೆ ಬೀಳುತ್ತಿರಲಿಲ್ಲ. ಪೀಠಿಕೆಯನ್ನು ಓಡಿಸಿದ್ದಂತೂ ಕೇಳಲಾಗುತ್ತಿರಲಿಲ್ಲ. ಮೆಲ್ಲಗೆ ಹುಟ್ಟಿ ದೊಡ್ಡದಾಗುವ ಆ ಉದ್ದ ಸ್ವರಕ್ಕೆ ತನ್ನದೇ ಹೊತ್ತು ಬೇಕು.

ಉಳಿದದ್ದು ಏಕವಾದಕಿಯ ಭಾಗಕ್ಕೇ ಕತ್ತರಿ ಹಾಕುವುದು. ಎರಡು ದಾರಿ ಇತ್ತು. ಪೀಠಿಕೆ ಬಿಟ್ಟು ನೇರ ಮುಖ್ಯ ರಾಗದಿಂದ ಶುರು ಮಾಡುವುದು, ಎರಡು ನಿಮಿಷ ಉಳಿಯುತ್ತದೆ. ಇಲ್ಲವೇ ನಡುವಿನ ನಿಧಾನದ ತುಣುಕನ್ನೂ ಒಂದು ವೇಗದ ವೇರಿಯೇಷನ್ನನ್ನೂ ಇಡಿಯಾಗಿ ಬಿಡುವುದು, ಅದರಿಂದಲೂ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ವೇರಿಯೇಷನ್ ರೂಪದ ಕೃತಿಗೆ ಇದೊಂದು ಅನುಕೂಲ. ಒಂದು ತುಣುಕನ್ನು ಇಡಿಯಾಗಿ ಎತ್ತಿದರೆ ಬೆಸುಗೆ ಅಷ್ಟು ಕಾಣಿಸುವುದಿಲ್ಲ. ಕನ್ಸರ್ಟೊದ ಮೊದಲ ಭಾಗಕ್ಕೆ ಹಾಗೆ ಮಾಡಿದರೆ ಕಾಣುತ್ತದೆ.

ಆದರೆ ಈ ಹುಡುಗಿಯ ಬಲ ಇದ್ದದ್ದು ನಾದದಲ್ಲಿ. ಕೆಳಗಿನ ಸ್ವರಗಳು ದುಂಡಗೆ, ಕಪ್ಪಾಗಿ ಬರುತ್ತಿದ್ದವು. ಬೆರಳು ಚುರುಕು, ಆದರೆ ಬೆರಗು ಹುಟ್ಟಿಸುವಷ್ಟಲ್ಲ. ಪೀಠಿಕೆ ಬಿಟ್ಟರೂ ನಿಧಾನದ ತುಣುಕು ಬಿಟ್ಟರೂ ಹೋಗುವುದು ಅವಳ ಬಲವೇ. ಉಳಿಯುವುದು ಅವಳಿಗಿಂತ ಬೇರೆಯವರು ಚೆನ್ನಾಗಿ ನುಡಿಸಬಲ್ಲ ಭಾಗ. ಏಳು ನಿಮಿಷಕ್ಕೆ ಸರಿಹೊಂದುವ ವೇಬರ್ ಅವಳಿಗೆ ಹೊಂದದ ವೇಬರ್ ಆಗುತ್ತಿತ್ತು.

ಇದನ್ನು ಟೀಚರ್ ಆಗಲೇ ಹೇಳಿದ್ದರು. ಅಪ್ಪ ಒಪ್ಪಿರಲಿಲ್ಲ. "ಗಂಟೆ ಹೊಡೆದ್ರೆ ಹೊಡೀಲಿ ಬಿಡಿ, ಅಂಕ ಏನೂ ಕಡಿಮೆ ಮಾಡಲ್ವಲ್ಲ" ಅನ್ನುವುದು ಅವರ ವಾದ. ನಿಯಮದ ಅಕ್ಷರಕ್ಕೆ ಅದು ತಪ್ಪಲ್ಲ.

ಅಣಕು ಸುತ್ತು

ಟೀಚರ್ ಒಂದು ಅಣಕು ಸುತ್ತು ಇಟ್ಟರು. ಕೇಳಲು ಬೇರೆ ಇಬ್ಬರು ಸಂಗೀತ ಶಿಕ್ಷಕರು, ಮೇಜಿನ ಮೇಲೆ ಗಂಟೆ, ಕೈಯಲ್ಲಿ ಅಂಕದ ಹಾಳೆ. ಪಿಯಾನೊ ಮಧ್ಯಂತರಗಳನ್ನು ಮೊಟಕು ಮಾಡಿದ, ಗತಿಯನ್ನು ತುಸು ಏರಿಸಿದ ವೇಬರ್. ಅಲೆಗ್ರೊ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ, ಗಂಟೆ ಬಾರಿಸಿತು.

ಇಬ್ಬರೂ ಬರೆದದ್ದನ್ನು ಓದಿದರೆ ಗಂಟೆಯ ಬಗ್ಗೆ ದೂರು ಕಡಿಮೆಯೇ. ಒಬ್ಬರು ಬರೆದಿದ್ದರು: ಐದನೇ ನಿಮಿಷದಿಂದ ಹುಡುಗಿ ಗಡಿಯಾರದ ಕಡೆಗೇ ನುಡಿಸುತ್ತಿದ್ದಳು. ಇನ್ನೊಬ್ಬರು "ವೇಗದ ನಾಲಿಗೆ" ಎಂಬ ಕಾಲಂ ಖಾಲಿ ಬಿಟ್ಟಿದ್ದರು. ಕೇಳಿಸಿದಷ್ಟರಲ್ಲಿ ಹೇಳಲು ಆಗಲಿಲ್ಲವಂತೆ. "ಕೃತಿಯ ಒಟ್ಟು ರೂಪ" ಎಂಬಲ್ಲಿ ಇಬ್ಬರೂ ಕಡಿಮೆ ಕೊಟ್ಟಿದ್ದರು. ಕೊನೆ ಮುಟ್ಟದ ಕೃತಿಗೆ ಎಷ್ಟು ಅಂತ ರೂಪದ ಅಂಕ ಕೊಡುವುದು, ಅಲ್ವಾ? ಹಾಳೆಯಲ್ಲಿ ಅಂಕ ಕಡಿತ ಅನ್ನುವ ಕಾಲಂ ಇರಲಿಲ್ಲ, ನಿಜ. ಅಂಕ ಮಾತ್ರ ಮೂರು ಬೇರೆ ಬೇರೆ ಕಾಲಂಗಳಲ್ಲಿ ಸದ್ದಿಲ್ಲದೆ ಸೋರಿಹೋಗಿತ್ತು.

ಈ ಹಾಳೆ ನೋಡಿದ ಮೇಲೆ ಅಪ್ಪ ವಾದ ಮಾಡಲಿಲ್ಲ. ಹುಡುಗಿಗೆ ಮಾತ್ರ ಬೇಜಾರಾಯಿತು. ತಿಂಗಳುಗಟ್ಟಲೆ ಹಚ್ಚಿಕೊಂಡದ್ದು.

ಸ್ಪರ್ಧೆಗೆಂದೇ ಬರೆದವು

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಸ್ಪರ್ಧೆ, ಪರೀಕ್ಷೆಗಳಿಗೆಂದೇ ಬರೆಸಿದ ಕೃತಿಗಳಿವೆ. ಪ್ಯಾರಿಸ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯಲ್ಲಿ ವರ್ಷ ವರ್ಷವೂ ಆಯಾ ವಾದ್ಯದ ವಿದ್ಯಾರ್ಥಿಗಳಿಗೆ ಸ್ಪರ್ಧಾ ಪರೀಕ್ಷೆ ಇರುತ್ತಿತ್ತು. ಎಲ್ಲರೂ ಒಂದೇ ಕೃತಿ ನುಡಿಸಬೇಕು. ಅದಕ್ಕೆ ಹೊಸ ಕೃತಿಗಳನ್ನು ಬರೆಸುತ್ತಿದ್ದರು. 1898ರಲ್ಲಿ ಫೋರೆ ಕೊಳಲಿಗೆ ಬರೆದ ಫ್ಯಾಂಟಸಿ ಹಾಗೆ ಹುಟ್ಟಿದ್ದು. ಕ್ಲಾರಿನೆಟ್‌ಗೆ ದೆಬ್ಯೂಸಿ ಬರೆದ ಮೊದಲ ರಾಪ್ಸೊಡಿ 1910ರ ಪರೀಕ್ಷೆಗೆ. ತೀರ್ಪುಗಾರರಲ್ಲಿ ದೆಬ್ಯೂಸಿಯೂ ಒಬ್ಬ. ನೋಡಿದ ಕೂಡಲೇ ನುಡಿಸುವ ಪರೀಕ್ಷೆಗೆಂದು ಅವನೇ ಇನ್ನೊಂದು ಪುಟ್ಟ ತುಣುಕನ್ನೂ ಬರೆದುಕೊಟ್ಟ.

ಫೋರೆಯ ಫ್ಯಾಂಟಸಿ ಐದಾರು ನಿಮಿಷದ್ದು. ಅಷ್ಟರಲ್ಲೇ ಎರಡು ಪ್ರಶ್ನೆ ಕೇಳುತ್ತದೆ. ಮೊದಲು ನಿಧಾನದ ಭಾಗ: ನಿನ್ನ ನಾದ ಎಂಥದ್ದು, ಉಸಿರು ಎಷ್ಟುದ್ದ? ಆಮೇಲೆ ವೇಗದ ಭಾಗ: ಬೆರಳು, ನಾಲಿಗೆ ಹೇಗಿದೆ? ಸುತ್ತಿ ಬಳಸುವುದು ಇಲ್ಲ, ಉದ್ದನೆಯ ಪಿಯಾನೊ ಮಧ್ಯಂತರವೂ ಇಲ್ಲ. ಸಾಲಾಗಿ ಕೂತ ವಿದ್ಯಾರ್ಥಿಗಳನ್ನು ಒಂದೇ ದಿನ ಕೇಳಬೇಕಾದವರಿಗೆ ಬೇಕಾದ ರೂಪ ಇದು.

ಹೊಸ ಕೃತಿ ಹುಡುಕುವಾಗ ಟೀಚರ್ ಇಟ್ಟುಕೊಂಡ ಅಳತೆಗೋಲು ಇದೇ. ಕೃತಿ ಎಷ್ಟು ದೊಡ್ಡದು, ಎಷ್ಟು ಹೆಸರುವಾಸಿ ಅನ್ನುವುದನ್ನು ಬದಿಗಿಟ್ಟರು. ಮೊದಲ ಎರಡು ನಿಮಿಷದೊಳಗೆ ಹುಡುಗಿಯ ಒಳ್ಳೆಯ ಗುಣ ಕೇಳಿಸಬೇಕು, ಐದನೇ ನಿಮಿಷದೊಳಗೆ ಬೇರೆ ಗುಣವೂ ಕೇಳಿಸಿರಬೇಕು, ಆರೂವರೆಗೆ ಕೃತಿ ತಾನಾಗಿ ಮುಗಿಯಬೇಕು. ಕಾಲಮಿತಿಯನ್ನು ಹೀಗೆ ಮೊದಲು ಮುಂದಿಟ್ಟುಕೊಂಡು ಕೃತಿ ಹುಡುಕಿದರೆ ಪಟ್ಟಿ ಬೇರೆಯೇ ಬರುತ್ತದೆ.

ದೆಬ್ಯೂಸಿ ಎಂಟು ನಿಮಿಷದ ಸುತ್ತಮುತ್ತ. ಅವಳ ಮಟ್ಟಕ್ಕೂ ಮೀರಿದ್ದು. ಬಿಟ್ಟರು. ಶೂಮನ್‌ನ ಓಪಸ್ 73ರ ಮೂರು ತುಣುಕುಗಳು ಒಂದರಿಂದ ಇನ್ನೊಂದಕ್ಕೆ ನಿಲ್ಲದೆ ಹರಿಯುವಂಥವು, ಎರಡೇ ಆರಿಸಿದರೆ ಮನಸ್ಸಿಗೆ ಸಮಾಧಾನವಿಲ್ಲ. ಸ್ಟ್ರಾವಿನ್ಸ್ಕಿಯ ಮೂರು ತುಣುಕುಗಳಿಗೆ ಪಿಯಾನೊ ಬೇಡ, ಕಾಲವೂ ಕಡಿಮೆ. ಹುಡುಗಿಗೆ ಅದು ಹಿಡಿಸಲಿಲ್ಲ, ಅಷ್ಟೇ. ಹಿಡಿಸದ್ದನ್ನು ಏಳು ವಾರದಲ್ಲಿ ಕಲಿಸಲು ಆಗುವುದಿಲ್ಲ.

ಕೊನೆಗೆ ನಿಂತದ್ದು ಫ್ರೆಂಚ್ ಸಂಗೀತಕಾರ ಸೆಂ-ಸಾನ್ಸ್‌ನ ಕ್ಲಾರಿನೆಟ್ ಸೊನಾಟಾ, ಪಿಯಾನೊ ಜೊತೆ ನುಡಿಸುವ ಹಲವು ಭಾಗಗಳ ಕೃತಿ. 1921ರಲ್ಲಿ, ತಾನು ತೀರಿಕೊಂಡ ವರ್ಷದಲ್ಲೇ ಆತ ಬರೆದದ್ದು. ನಾಲ್ಕು ಭಾಗ ಇದೆ. ಮೊದಲ ಭಾಗ ಅಲೆಗ್ರೆಟ್ಟೊ (ಹದವಾದ ವೇಗ), ನಾಲ್ಕು ನಿಮಿಷ ಚಿಲ್ಲರೆ, ಹಾಡಿನಂತೆ ತೂಗುತ್ತಾ ಹೋಗುತ್ತದೆ. ಕ್ಲಾರಿನೆಟ್ ಶುರುವಿನಲ್ಲೇ ಬಂದುಬಿಡುತ್ತದೆ. ಎರಡನೇ ಭಾಗ ಎರಡು ನಿಮಿಷದ ಚುರುಕು ತುಣುಕು, ಮೇಲಕ್ಕೂ ಕೆಳಕ್ಕೂ ದೊಡ್ಡ ಜಿಗಿತಗಳು. ಮೊದಲ ಭಾಗವನ್ನು ಅವಳು ಹಿಂದಿನ ವರ್ಷ ನಾದದ ಅಭ್ಯಾಸಕ್ಕೆ ಅಂತ ಕಲಿತಿದ್ದಳು. ಇದು ದೊಡ್ಡ ಅನುಕೂಲ. ಏಳು ವಾರದಲ್ಲಿ ಹೊಸದಾಗಿ ಕಲಿಯಬೇಕಾದದ್ದು ಎರಡು ನಿಮಿಷದ ಸಂಗೀತ ಮಾತ್ರ. ಅದು ಇಲ್ಲದಿದ್ದರೆ ಬದಲಿಸುವ ಸಲಹೆಯನ್ನು ನಾನಂತೂ ಒಪ್ಪುತ್ತಿರಲಿಲ್ಲ. ಪೂರ್ತಿ ಹೊಸ ಕೃತಿಗಿಂತ ಮುಖ್ಯ ರಾಗದಿಂದ ಶುರುವಾಗುವ ಅರ್ಧ ವೇಬರ್ ವಾಸಿ ಅಂತಲೇ ಹೇಳುತ್ತಿದ್ದೆ.

ಇದರ ಮೂರನೇ ಭಾಗ ಅವಳಿಗೆ ಇನ್ನೂ ಚೆನ್ನಾಗಿ ಹೊಂದುತ್ತಿತ್ತು. ನಿಧಾನ, ತೀರ ಕೆಳಗಿನ ಸ್ವರಗಳಲ್ಲಿ ಶುರುವಾಗಿ ಅದೇ ರಾಗ ಆಮೇಲೆ ಎತ್ತರದಲ್ಲಿ ಬರುತ್ತದೆ. ಎರಡನೆಯದರ ಬದಲು ಅದನ್ನು ಹಾಕಿದರೆ ಎಂಟು ನಿಮಿಷ ದಾಟುತ್ತದೆ, ಮೇಲಾಗಿ ವೇಗದ ಭಾಗವೇ ಇರುವುದಿಲ್ಲ. ಆಸೆಯಿಂದ ನೋಡಿ ಕೈಬಿಟ್ಟೆವು.

ಅಂಚು

ಮೊದಲ ಭಾಗ 4:15, ನಡುವೆ 8 ಸೆಕೆಂಡ್, ಎರಡನೆಯದು 2:10. ಒಟ್ಟು 6 ನಿಮಿಷ 33 ಸೆಕೆಂಡ್. 27 ಸೆಕೆಂಡ್ ಅಂಚು ಇತ್ತು.

ಅಪ್ಪ ಕೇಳಿದರು, ಇಷ್ಟೊಂದು ಯಾಕೆ ಬಿಡಬೇಕು ಅಂತ. ಅದಕ್ಕೆ ಉತ್ತರ ಒಂದು ಅಭ್ಯಾಸದಲ್ಲಿ ತಾನಾಗೇ ಸಿಕ್ಕಿತು. ಮೊದಲ ಭಾಗ ಮುಗಿದ ಮೇಲೆ ಒಂದು ಕೀಲಿಯ ರಂಧ್ರದಲ್ಲಿ ನೀರು ನಿಂತು ಸ್ವರ ಗುಳುಗುಳು ಅಂದಿತು. ಅದನ್ನು ಊದಿ, ಒರೆಸಿ ಸರಿಮಾಡಲು 20 ಸೆಕೆಂಡ್ ಹಿಡಿಯಿತು. ಆ ದಿನದ ಒಟ್ಟು 6:48. ಬಹಳ ಚೆನ್ನಾಗಿ ಹರಿದ ಒಂದು ದಿನ 6:24. ಟೀಚರ್ ಹಾಳೆಯಲ್ಲಿ ಬರೆದುಕೊಂಡದ್ದು 6:48. ಅತಿ ನಿಧಾನದ ದಿನ ಮಿತಿಯೊಳಗೆ ಬಂದರೆ ಮಾತ್ರ ಕೃತಿ ಮಿತಿಯೊಳಗೆ ಇದೆ ಅಂತ ಲೆಕ್ಕ. ಸಭಾಂಗಣದಲ್ಲಿ ದನಿ ಗುಂಯ್‌ಗುಡುತ್ತಿದ್ದರೆ ಗತಿ ತಾನಾಗಿ ಇಳಿಯುತ್ತದೆ. ಭಯವಾದರೆ ಕೆಲವರು ಓಡುತ್ತಾರೆ, ಕೆಲವರು ಉಸಿರಿಗೆ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಾರೆ. ಈ ಹುಡುಗಿ ಎರಡನೇ ಜಾತಿ.

ಕಡಿಮೆ ಕಾಲವೂ ತೊಂದರೆಯೇ, ಆದರೆ ಆ ಪ್ರಶ್ನೆ ಇಲ್ಲಿ ಬರಲಿಲ್ಲ.

ಆ ದಿನ

6 ನಿಮಿಷ 41 ಸೆಕೆಂಡ್. ಗಂಟೆ ಕೇಳಿಸಲಿಲ್ಲ. ತೀರ್ಪುಗಾರರು ಕೃತಿ ಮುಗಿದ ಮೇಲೂ ಬರೆಯುತ್ತಿದ್ದರು.

ಫಲಿತಾಂಶ ಎರಡನೇ ಶ್ರೇಣಿ. ನಾದಕ್ಕೆ ತುಂಬ ಒಳ್ಳೆಯ ಅಂಕ. ಜಿಗಿತಗಳು ಸ್ವಚ್ಛ ಅಂತ ಬರೆದಿದ್ದರು. "ಒಟ್ಟು ರೂಪ"ಕ್ಕೂ ಚೆನ್ನಾಗಿ ಬಂತು. ಕಳೆದುಹೋದದ್ದು ಶ್ರುತಿಯಲ್ಲಿ. ಮೊದಲ ಭಾಗದಲ್ಲಿ ತೀರ ಮೆಲ್ಲಗೆ ನುಡಿಸುವ ಕಡೆ ಸ್ವರ ಏರಿತ್ತು. ಕ್ಲಾರಿನೆಟ್‌ನ ಸ್ವಭಾವವೇ ಹಾಗೆ. ಮೆಲ್ಲಗೆ ಊದಿದರೆ ಶ್ರುತಿ ಏರುತ್ತದೆ, ಜೋರಾಗಿ ಊದಿದರೆ ಇಳಿಯುತ್ತದೆ. ವೇಬರ್‌ನ ಪೀಠಿಕೆಯಲ್ಲೂ ಅದು ಸಿಕ್ಕಿಬೀಳುತ್ತಿತ್ತು. ಕೃತಿ ಬದಲಿಸಿದ್ದರಿಂದ ಬಂದ ತಪ್ಪು ಅದಲ್ಲ, ಕೃತಿ ಬದಲಿಸಿದ್ದರಿಂದ ಅದು ಹೋಗಲೂ ಇಲ್ಲ.

ಅವಳಿಗಿಂತ ಮೇಲಿನ ಶ್ರೇಣಿ ಪಡೆದ ಒಬ್ಬ ಹುಡುಗ ನುಡಿಸಿದ್ದು ಏನು ಗೊತ್ತಾ? ಅದೇ ವೇಬರ್. ಪೀಠಿಕೆ ಬಿಟ್ಟು ಮುಖ್ಯ ರಾಗದಿಂದಲೇ ಶುರು ಮಾಡಿದ. ಪಿಯಾನೊ ಮಧ್ಯಂತರಗಳನ್ನು ಮೊಟಕು ಮಾಡಿದ್ದರು, ಆದರೆ ಅಲೆಗ್ರೊಗೆ ಮುಂಚಿನ ಒಂದನ್ನು ಬೇಕೆಂದೇ ಇಟ್ಟುಕೊಂಡಿದ್ದರು. ಸುಮಾರು 6:20ಕ್ಕೆ ಮುಗಿಸಿದ. ಅವನಿಗೂ ನಾನೇ ಪಿಯಾನೊ ನುಡಿಸಿದ್ದು. ಅವನ ಬೆರಳು ನಾಲಿಗೆ ಎರಡೂ ಬೆಂಕಿ. ನಾದ ಅಷ್ಟಕ್ಕಷ್ಟೆ. ಅವನಿಗೆ ಪೀಠಿಕೆ ಬಿಟ್ಟದ್ದು ಲಾಭವೇ. ಮೊದಲ ದಿನದಿಂದಲೇ ಅವನು ಕತ್ತರಿಸಿದ ರೂಪವನ್ನೇ ಕಲಿತಿದ್ದ. ತೀರ್ಪುಗಾರರ ಪ್ರತಿಯಲ್ಲಿ ಎಲ್ಲಿಂದ ಎಲ್ಲಿಗೆ ಹಾರುತ್ತೇವೆ ಅಂತ ಪೆನ್ಸಿಲ್‌ನಲ್ಲಿ ಸ್ಪಷ್ಟವಾಗಿ ಗುರುತು ಮಾಡಿದ್ದರು. ಹಾಗಾಗಿ ಕತ್ತರಿ ಕೆಟ್ಟದ್ದು ಅಂತ ಈ ಪ್ರಕರಣದಿಂದ ಯಾರೂ ತೀರ್ಮಾನ ಮಾಡಬೇಡಿ.

ಕತ್ತರಿ ಕೈಕೊಟ್ಟದ್ದೂ ಅದೇ ದಿನ ಕಂಡಿತು. ಇನ್ನೊಬ್ಬರು ಮೊಟ್ಸಾರ್ಟ್‌ನ ಕ್ಲಾರಿನೆಟ್ ಕನ್ಸರ್ಟೊ ತಂದಿದ್ದರು. 1791ರ ಆ ಕೃತಿಯ ಮೊದಲ ಭಾಗವೇ ಸುಮಾರು ಹನ್ನೆರಡು ನಿಮಿಷದ್ದು. ಕ್ಲಾರಿನೆಟ್ ಬರುವುದು 57ನೇ ಬಾರ್‌ನಲ್ಲಿ. ಅಲ್ಲಿಯವರೆಗಿನ 56 ಬಾರ್‌ಗಳು 120ರ ಗತಿಯಲ್ಲಿ 1 ನಿಮಿಷ 52 ಸೆಕೆಂಡ್. ಇದನ್ನು ಎಲ್ಲರೂ ಕತ್ತರಿಸುತ್ತಾರೆ, ಅವರೂ ಕತ್ತರಿಸಿದ್ದರು. ನಾಲ್ಕು ಬಾರ್ ಪಿಯಾನೊ, ತಕ್ಷಣ ಕ್ಲಾರಿನೆಟ್. ತೊಂದರೆ ಆದದ್ದು ಮುಗಿಸುವಲ್ಲಿ. ಏಳು ನಿಮಿಷಕ್ಕೆ ಕೃತಿ ನಡುದಾರಿಯಲ್ಲಿ ಇರುತ್ತದೆ ಅಂತ ಅವರು ಮೊದಲ ದೊಡ್ಡ ಖಂಡ ಮುಗಿದಲ್ಲೇ ನಿಲ್ಲಿಸಿದರು. ಅಲ್ಲಿ ಸಂಗೀತ ಶುರುವಾದ ಎ ಮೇಜರ್ ಬಿಟ್ಟು ಇ ಮೇಜರ್‌ಗೆ ಬಂದು ನಿಂತಿರುತ್ತದೆ, ಮನೆಗೆ ಮರಳಿರುವುದಿಲ್ಲ. ಚೆನ್ನಾಗಿ ನುಡಿಸಿದ ಹುಡುಗಿ ತಲೆಬಾಗಿದಾಗ ಸಭೆಗೆ ಚಪ್ಪಾಳೆ ಹೊಡೆಯಬೇಕೋ ಬೇಡವೋ ಗೊತ್ತಾಗಲಿಲ್ಲ. ಕತ್ತರಿಸುವ ಮುಂಚೆ ಒಂದು ಸುಲಭ ಪರೀಕ್ಷೆ ಇದೆ. ಬೆಸುಗೆಯ ಆಚೆ ನಾಲ್ಕು ಬಾರ್ ಈಚೆ ನಾಲ್ಕು ಬಾರ್ ಸೇರಿಸಿ, ಕೃತಿ ಗೊತ್ತಿಲ್ಲದವರಿಗೆ ನುಡಿಸಿ ತೋರಿಸಿ. ಅವರ ಹುಬ್ಬು ಏರಿದರೆ ಬೆಸುಗೆ ಬೇರೆ ಕಡೆ ಹುಡುಕಬೇಕು. ಕೃತಿಯನ್ನು ಎಲ್ಲಿ ಮುಗಿಸಬೇಕು ಅನ್ನುವುದಕ್ಕೂ ಇದೇ ಪರೀಕ್ಷೆ ಸಾಕು.

ಉಳಿದ ಪ್ರಶ್ನೆಗಳು

ಫಲಿತಾಂಶ ಬಂದ ಮೇಲೆ ಟೀಚರ್ ಸಂಘಟಕರಿಗೆ ಒಂದು ಪತ್ರ ಬರೆದರು. ಏಕವಾದಕರ ಭಾಗಕ್ಕೆ ಕತ್ತರಿ ಹಾಕಬಹುದೇ ಇಲ್ಲವೇ, ನಿಯಮದಲ್ಲೇ ಬರೆಯಿರಿ ಅಂತ ಕೇಳಿದರು. ಆ ಹುಡುಗನ ಕತ್ತರಿಯನ್ನು ತೀರ್ಪುಗಾರರು ಒಪ್ಪಿದ್ದರು. ಬೇರೆ ತೀರ್ಪುಗಾರರಿದ್ದರೆ ಒಪ್ಪದೇ ಇರಬಹುದಿತ್ತು. ಗೊತ್ತಿಲ್ಲದ ನಿಯಮದ ಮೇಲೆ ಮಕ್ಕಳು ತಿಂಗಳುಗಟ್ಟಲೆ ಅಭ್ಯಾಸ ಮಾಡುವುದು ಸರಿಯಲ್ಲ. ಭಾಗಗಳ ನಡುವಿನ ವಿರಾಮವನ್ನು ಲೆಕ್ಕದಿಂದ ಬಿಡಿ ಅಂತಲೂ ಕೇಳಿದ್ದರು. ಊದುವ ವಾದ್ಯಗಳಲ್ಲಿ ನೀರು ನಿಲ್ಲುವುದು ಯಾರ ತಪ್ಪೂ ಅಲ್ಲ. ಗಂಟೆಯ ಬದಲು ತೀರ್ಪುಗಾರರು ಕೈ ಎತ್ತಿದರೆ ಸಾಲದೇ ಅನ್ನುವುದು ಮೂರನೇ ಮಾತು.

ಮೊದಲನೆಯದಕ್ಕೆ ಉತ್ತರ ಬಂತು. ಇಡೀ ವೇರಿಯೇಷನ್ ಅಥವಾ ಇಡೀ ಪೀಠಿಕೆ ಬಿಡಬಹುದು, ನಡುವೆ ಬಾರ್‌ಗಳನ್ನು ಕಿತ್ತು ಜೋಡಿಸುವಂತಿಲ್ಲ, ಮುಂಚೆಯೇ ಬರೆದು ಕಳಿಸಬೇಕು. ಎರಡನೆಯದನ್ನು ಒಪ್ಪಲಿಲ್ಲ. ವಿರಾಮವನ್ನು ಬಿಟ್ಟರೆ ಕೆಲವರು ಅದನ್ನೇ ಎಳೆಯುತ್ತಾರಂತೆ. ಅದೂ ನಿಜವೇ. ಗಂಟೆಯ ಬಗ್ಗೆ ಏನೂ ಹೇಳಲಿಲ್ಲ.

ಹುಡುಗಿ ಈಗ ವೇಬರ್‌ಗೆ ಮರಳಿದ್ದಾಳೆ, ಪೂರ್ತಿ ಪೀಠಿಕೆಯ ಸಮೇತ, ಶಾಲೆಯ ವಾರ್ಷಿಕ ಕಛೇರಿಗೆ. ಅಲ್ಲಿ ಕಾಲಮಿತಿ ಇಲ್ಲ. ಮುಂದಿನ ಸ್ಪರ್ಧೆಗೆ ಏನು ಅಂತ ಅಪ್ಪ ಕೇಳಿದಾಗ ಟೀಚರ್ ಮೊದಲು ಕೇಳಿದ್ದು ಅರ್ಜಿಯ ಜೊತೆ ಬಂದ ನಿಯಮದ ಹಾಳೆಯನ್ನು. ಈ ಸಲ ಮಿತಿ 8 ನಿಮಿಷ, ಆದರೆ ವೇದಿಕೆ ಹತ್ತುವುದೂ ಶ್ರುತಿಯೂ ಅದರೊಳಗೇ.